ಪೊಟ್ಟಣದ ಮೇಲೊಂದು ನಂಬರು

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಗೂಡಂಗಡಿಯಲ್ಲಿ ಅಕ್ಕಪಕ್ಕ ತೂಗಾಡುತ್ತಿವೆ. ಬೆರೆಸುವ ಕೆಲಸವೊಂದು ಗಿರಾಕಿಯ ಅಂಗೈಗೆ ಬಂದಿದೆ. ಆ ತಂಬಾಕಿನ ಪೊಟ್ಟಣದ ಮೇಲೆ, ಕ್ಯಾನ್ಸರ್ ಹುಣ್ಣಿನ ಚಿತ್ರದ ಜೊತೆಗೆ, ಒಂದು ದೂರವಾಣಿ ಸಂಖ್ಯೆ ಇರುತ್ತದೆ: 1800-11-2356. ಚಿತ್ರ ಕಂಡು ಮುಖ ತಿರುಗಿಸುವವರು ನಂಬರಿನ ತನಕ ಹೋಗುವುದು ಅಪರೂಪ. ಹೋಗಿ, ಒತ್ತಿ, ಕನ್ನಡದಲ್ಲಿ ಮಾತಾಡಬೇಕು ಎಂದವರ ಕರೆಯನ್ನು ಎತ್ತಿಕೊಳ್ಳುವುದು ಬೆಂಗಳೂರಿನ ನಿಮ್ಹಾನ್ಸ್.

ತಂಬಾಕು ಬಿಡಿಸುವ ಈ ರಾಷ್ಟ್ರೀಯ ಸಹಾಯವಾಣಿ 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಯಿತು. 2018ರ ಸೆಪ್ಟೆಂಬರಿನಿಂದ ಪ್ರತಿ ಪೊಟ್ಟಣದ ಮೇಲೂ ನಂಬರು ಕಡ್ಡಾಯವಾದಾಗ ಕರೆಗಳು ಏರಿದವು, ದೆಹಲಿಯೊಂದೇ ಸಾಲದಾಯಿತು. ದಕ್ಷಿಣದ ಭಾಷೆಗಳ ಹೊಣೆ ನಿಮ್ಹಾನ್ಸ್‌ಗೆ ಬಂತು. ಪೊಟ್ಟಣದ ಮೇಲಿನ ಈ ಜಾಗದ ಹಿಂದೆ ಕರ್ನಾಟಕದ್ದೇ ಒಂದು ಕಥೆಯೂ ಇದೆ. ಪೊಟ್ಟಣದ ಶೇ 85 ಭಾಗ ಎಚ್ಚರಿಕೆಗೆ ಮೀಸಲು ಎಂಬ ನಿಯಮವನ್ನು ನಮ್ಮ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದು ಮಾಡಿತ್ತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ನಿಯಮದ ವಿರುದ್ಧ ತಂಬಾಕು ಕಂಪನಿಗಳು ಅಷ್ಟು ಹಟ ಹಿಡಿದದ್ದನ್ನು ನೋಡಿದರೆ ಆ ಜಾಗಕ್ಕೆ ಬೆಲೆ ಇದ್ದಿರಲೇಬೇಕು.

ಕರೆ ಮಾಡಿದವರಿಗೆ ಉಪದೇಶ ಸಿಗುವುದಿಲ್ಲ, ಪ್ರಶ್ನೆಗಳು ಸಿಗುತ್ತವೆ. ಕಡ್ಡಿಪುಡಿಯೋ, ಬೀಡಿಯೋ? ಎಷ್ಟು ವರ್ಷದಿಂದ? ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕು? ಈ ಕೊನೆಯ ಪ್ರಶ್ನೆ ಪಟ್ಟಾಂಗದಂತೆ ಕೇಳಿಸಿದರೂ ಚಟದ ಆಳ ಅಳೆಯುವ ಕೋಲು ಅದೇ. ಕಣ್ಣುಬಿಟ್ಟ ಐದು ನಿಮಿಷದೊಳಗೆ ಕೈ ಜೇಬಿಗೆ ಹೋಗುವವರಿಗೂ ಮಧ್ಯಾಹ್ನದ ಊಟದ ಮೇಲೆ ಒಂದು ಹಾಕಿಕೊಳ್ಳುವವರಿಗೂ ಬಿಡುವ ದಾರಿ ಒಂದೇ ಅಲ್ಲ. ಆಮೇಲೆ ಬಿಡುವುದಕ್ಕೆ ಒಂದು ದಿನ ಗೊತ್ತುಮಾಡುತ್ತಾರೆ. ಹಬ್ಬವೋ, ಮಗಳ ಹುಟ್ಟಿದ ದಿನವೋ, ಕರೆ ಮಾಡಿದವರೇ ಆರಿಸಬೇಕು. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಜೋರು. ವಾರಗಳು ಕಳೆದಂತೆ ಇಳಿಯುತ್ತದೆ. ಬೇಕು ಎನ್ನಿಸುವ ಒತ್ತಡ ಒಂದು ಸಲಕ್ಕೆ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಮುಂದೂಡಿ, ನೀರು ಗುಟುಕರಿಸಿ, ದೀರ್ಘ ಉಸಿರು ತೆಗೆದುಕೊಳ್ಳಿ, ಬೇರೇನಾದರೂ ಕೆಲಸಕ್ಕೆ ಕೈಹಾಕಿ: ಹೇಳಿಕೊಡುವುದು ಇಂಥವನ್ನೇ.

ಇದು ಯಾವ ಪುಸ್ತಕದಲ್ಲಾದರೂ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ. ಪುಸ್ತಕ ಮಾಡದ ಒಂದು ಕೆಲಸವನ್ನು ಸಹಾಯವಾಣಿ ಮಾಡುತ್ತದೆ: ತಿರುಗಿ ತಾನೇ ಫೋನು ಮಾಡುತ್ತದೆ. ಗೊತ್ತುಮಾಡಿದ ದಿನ ಏನಾಯಿತು ಎಂದು ವಿಚಾರಿಸುತ್ತದೆ, ವಾರ ಬಿಟ್ಟು ಮತ್ತೆ, ತಿಂಗಳು ಬಿಟ್ಟು ಮತ್ತೆ. ದೂರದಿಂದ ಕೊಡುವ ಚಿಕಿತ್ಸೆ ಎಂದರೆ ಪರದೆಯ ಮೇಲೆ ಡಾಕ್ಟರರ ಮುಖ ಕಾಣುವುದು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಚಟದ ವಿಷಯದಲ್ಲಿ ಮುಖಕ್ಕಿಂತ ಈ ಎರಡನೆಯ, ಐದನೆಯ ಕರೆಯೇ ದೊಡ್ಡದು ಎನ್ನುವುದು ನನ್ನ ಅನಿಸಿಕೆ. 2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಷ್ಟೂ ಜನರನ್ನು ಕೂರಿಸಿ ಮಾತಾಡಿಸುವಷ್ಟು ಕುರ್ಚಿಗಳು ಯಾವ ಆಸ್ಪತ್ರೆಯಲ್ಲಿವೆ? (ಬಿಡಿ ಸಿಗರೇಟು ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ, ನಂಬರೂ ಬರುವುದಿಲ್ಲ. ಬಿಡಿ ಮಾರಾಟ ಕೂಡದು ಎನ್ನುವುದಕ್ಕೆ ಇದೂ ಒಂದು ಕಾರಣ.)

ಹೆಂಡದ ಕಥೆ ಬೇರೆ. ತೊಂಬತ್ತು ಎಂ.ಎಲ್. ಟೆಟ್ರಾ ಪ್ಯಾಕಿನ ಮೇಲೆ ಕುಡಿತ ಆರೋಗ್ಯಕ್ಕೆ ಹಾನಿಕರ ಎಂಬ ಸಾಲಿರುತ್ತದೆ, ಬಿಡುವವರು ಯಾರಿಗೆ ಫೋನು ಮಾಡಬೇಕು ಎಂಬ ಸಾಲು ಕಡ್ಡಾಯವಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದವರಿಗೆ ಇವತ್ತು ಹತ್ತಿರದ ಬಾಗಿಲೆಂದರೆ 14416, ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ, ದಿನದ 24 ಗಂಟೆಯೂ ತೆರೆದಿರುವ ಉಚಿತ ಮಾನಸಿಕ ಆರೋಗ್ಯ ವಾಣಿ ಇದು. ಇದರ ತಾಯಿಬೇರೂ ನಿಮ್ಹಾನ್ಸ್‌ನಲ್ಲೇ ಇದೆ. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ಕರೆ ಮನೋವೈದ್ಯರಿಗೆ ದಾಟುತ್ತದೆ.

ಆದರೆ ಫೋನಿಗೆ ಒಂದು ಗೆರೆ ಇದೆ, ಅದನ್ನು ಸ್ಪಷ್ಟವಾಗಿ ಹೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ ಮೊದಲಾಗಿ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ದಿಕ್ಕು ತಪ್ಪಿ, ಇಲ್ಲದ್ದು ಕಂಡು, ಜೀವಕ್ಕೇ ಅಪಾಯವಾಗಬಹುದು. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳು ಇದನ್ನು ಕಣ್ಣಾರೆ ಕಂಡವು. ಈ ಹಂತದಲ್ಲಿ ಕೊಡುವ ಡಯಜೆಪಾಮ್, ಲೋರಾಜೆಪಾಮ್‌ಗಳು ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿವೆ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಆ ಪಟ್ಟಿಯ ಔಷಧಗಳನ್ನು ದೂರದಿಂದ ಬರೆದುಕೊಡುವಂತಿಲ್ಲ. ಅಫೀಮು, ಹೆರಾಯಿನ್ ಚಟಕ್ಕೆ ಕೊಡುವ ಬುಪ್ರೆನಾರ್ಫಿನ್‌ಗೂ ಇದೇ ಮಾತು. ಆ ಮೊದಲ ವಾರ ಆಸ್ಪತ್ರೆಯದ್ದು.

ಸಮಸ್ಯೆ ಇರುವುದು ವಾರದ ನಂತರದ ವರ್ಷದಲ್ಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇದು ಗೊತ್ತು. ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ಒಟ್ಟಿಗೆ ಹಿಡಿದಿಡಲು ಅಲ್ಲಿ ನವಜೀವನ ಸಮಿತಿ ಎಂಬ ಏರ್ಪಾಡಿದೆ, ಯಾಕೆಂದರೆ ಜಾತ್ರೆ, ಮದುವೆ, ಬೆಳೆ ಮಾರಿದ ದುಡ್ಡು ಕೈಗೆ ಬಂದ ಸಂಜೆ ಇವೆಲ್ಲ ಶಿಬಿರದ ಹೊರಗೇ ಕಾದಿರುತ್ತವೆ. ಅಂಥ ಸಂಜೆಗಳನ್ನು ದಾಟಲು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಬಸ್ಸು ಹತ್ತಲು ಹೇಳಿದರೆ ಯಾರೂ ಹತ್ತುವುದಿಲ್ಲ. ಕೂಲಿಯೂ ಹೋಗುತ್ತದೆ, ಊರಿಗೆಲ್ಲ ಸುದ್ದಿಯೂ ಆಗುತ್ತದೆ. ಫೋನು ಇಲ್ಲಿ ದುಡಿಯುತ್ತದೆ.

ಊರಿನ ವೈದ್ಯರಿಗೂ ಹೀಗೊಂದು ಫೋನು ಬೇಕು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಆರಂಭಿಸಿದ ‘ಎಕೋ’ ಪದ್ಧತಿಯನ್ನು ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗೆ ತಂದಿತು. ದೂರದ ಆಸ್ಪತ್ರೆಯ ವೈದ್ಯರು ತಮ್ಮ ರೋಗಿಯ ವಿವರವನ್ನು ಹೆಸರಿಲ್ಲದೆ ಪರದೆಯ ಮುಂದೆ ಇಡುತ್ತಾರೆ. ಬೆಂಗಳೂರಿನ ತಜ್ಞರೂ ಬೇರೆ ಊರುಗಳ ವೈದ್ಯರೂ ಕೂಡಿ ಚರ್ಚಿಸುತ್ತಾರೆ. ರೋಗಿ ತನ್ನ ಊರಲ್ಲೇ ಉಳಿಯುತ್ತಾನೆ, ತಿಳಿವಳಿಕೆಯಷ್ಟೇ ಪ್ರಯಾಣ ಮಾಡುತ್ತದೆ.

ದೂರದಿಂದ ಕುಡಿತ ಬಿಡಿಸುವ ವ್ಯಾಪಾರ ಹೊಸದೇನಲ್ಲ. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂಬ ಪುಡಿಯ ಜಾಹೀರಾತು ಗೋಡೆಗಳ ಮೇಲೆ ಎಷ್ಟು ಕಾಲದಿಂದಲೋ ಇದೆ, ಈಗ ಮೊಬೈಲಿಗೂ ಇಳಿದಿದೆ. ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಮದ್ಯಕ್ಕೆ ಒಗ್ಗದ ಡೈಸಲ್ಫಿರಾಮ್ ಔಷಧದಂಥದ್ದೇನಾದರೂ ಇದ್ದು, ಅದು ತಿಳಿಯದೆ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಎಲ್ಲ ಒಟ್ಟಿಗೆ ಬರುತ್ತದೆ. ಆ ಪುಡಿ ತರಿಸುವ ಹೆಂಗಸರನ್ನು ಬೈದು ಪ್ರಯೋಜನವಿಲ್ಲ. ಗಂಡ ಒಪ್ಪದಿದ್ದರೆ ತಾನೇನು ಮಾಡಬೇಕು ಎನ್ನುವುದಕ್ಕೆ ಅವರಿಗೆ ಬೇರೆ ಉತ್ತರ ಸಿಕ್ಕಿರುವುದಿಲ್ಲ. 14416ಕ್ಕೆ ಅವರೂ ಕರೆ ಮಾಡಬಹುದು. ಕುಡಿದು ಬಂದ ರಾತ್ರಿ ಜಗಳಕ್ಕಿಳಿಯದೆ ಬೆಳಿಗ್ಗೆ ಹೇಗೆ ಮಾತೆತ್ತಬೇಕು, ಹೊಡೆತ ಬಿದ್ದರೆ ಎಲ್ಲಿಗೆ ಹೋಗಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರಕ್ಕೆ ಬರುವ ಮನೋವೈದ್ಯರನ್ನು ಕಾಣುವುದು ಹೇಗೆ ಎಂದೆಲ್ಲ ಅಲ್ಲಿ ಕೇಳಬಹುದು. ಅದಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ.