ಗ್ರಂಥಾಲಯ ಬಳಕೆಯ ಕೌಶಲ್ಯ: ವಿಡಿಯೊ ಮತ್ತು ಪಾಡ್‌ಕಾಸ್ಟ್ ಪಾಠಗಳ ಮೂಲಕ ಕಲಿಕೆ

ಗ್ರಂಥಾಲಯದ ಸದಸ್ಯತ್ವ ಪಡೆಯುವುದು ಸುಲಭ. ಆದರೆ ಅಲ್ಲಿಂದ ತಮಗೆ ಬೇಕಾದ ಪುಸ್ತಕವನ್ನಾಗಲಿ ಮಾಹಿತಿಯನ್ನಾಗಲಿ ಹುಡುಕಿ ತೆಗೆಯಲು ಅಭ್ಯಾಸದ ಅಗತ್ಯವಿರುತ್ತದೆ. ಚಿಂಚೋಳಿ ತಾಲ್ಲೂಕಿನ ಸುಲೇಪೇಟದಂತಹ ಹೋಬಳಿ ಕೇಂದ್ರದ ವಿದ್ಯಾರ್ಥಿಗಳು ಹಾಗೂ ಉದ್ಯೋಗಾಕಾಂಕ್ಷಿಗಳು ಈ ಕೌಶಲ್ಯವನ್ನು ತಮ್ಮ ಊರಿನಲ್ಲಿಯೇ ಅಂತರ್ಜಾಲದ ವಿಡಿಯೊ ಹಾಗೂ ಪಾಡ್‌ಕಾಸ್ಟ್‌ಗಳ ಮೂಲಕ ಕಲಿಯಬಹುದಾಗಿದೆ. ಪಾಡ್‌ಕಾಸ್ಟ್ ಎಂದರೆ ಬೇಕೆಂದಾಗ ಕೇಳಬಹುದಾದ ಬಾನುಲಿ ಕಾರ್ಯಕ್ರಮದ ಮಾದರಿಯ ಧ್ವನಿಮುದ್ರಣ.

ಹಿನ್ನೆಲೆ

ರಾಜ್ಯದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯು ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರ ಅನ್ವಯ ರೂಪುಗೊಂಡಿರುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರ ನವೆಂಬರ್‌ನಲ್ಲಿ ಆರಂಭಗೊಂಡ 'ಓದುವ ಬೆಳಕು' ಕಾರ್ಯಕ್ರಮದಡಿ 6 ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕಲ್ಪಿಸಲಾಯಿತು. ಐಐಟಿ ಖರಗ್‌ಪುರ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು 2018ರಲ್ಲಿ ರಾಷ್ಟ್ರಕ್ಕೆ ಸಮರ್ಪಣೆಗೊಂಡಿತು. ಹೀಗೆ ಸೌಲಭ್ಯಗಳು ಹೆಚ್ಚಿದಂತೆ, ಅವುಗಳಲ್ಲಿ ಹುಡುಕುವ ಕ್ರಮವನ್ನು ಅರಿಯುವುದೂ ಅವಶ್ಯವಾಗಿದೆ.

ವಿಡಿಯೊ ಪಾಠದಿಂದ ಕಲಿಯಬಹುದಾದ ವಿಷಯಗಳು

1. ಕಪಾಟಿನ ಕ್ರಮ: 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಉರ್ದು ಸಾಹಿತ್ಯಕ್ಕೆ 891.439, ಮರಾಠಿ ಸಾಹಿತ್ಯಕ್ಕೆ 891.46 ಎಂಬ ಸಂಖ್ಯೆಗಳಿವೆ. 439 ಎಂಬುದು 46ಕ್ಕಿಂತ ದೊಡ್ಡದೆಂದು ಭಾವಿಸಿ ಉರ್ದು ಪುಸ್ತಕವನ್ನು ಮರಾಠಿಯ ನಂತರ ಹುಡುಕಿದಲ್ಲಿ ಅದು ದೊರೆಯುವುದಿಲ್ಲ. ಬಿಂದುವಿನ ನಂತರದ ಅಂಕಿಗಳನ್ನು ಒಂದೊಂದಾಗಿ ಹೋಲಿಸಬೇಕು. 3 ಎಂಬುದು 6ಕ್ಕಿಂತ ಮೊದಲು ಬರುವುದರಿಂದ ಉರ್ದು ಪುಸ್ತಕಗಳೇ ಮೊದಲಿರುತ್ತವೆ. ಇದನ್ನು ಬರವಣಿಗೆಗಿಂತ ದೃಶ್ಯದ ಮೂಲಕ ಬೇಗ ತಿಳಿಯಬಹುದು.

2. ಗ್ರಂಥಕರ್ತರ ಹೆಸರು: ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿನ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವನ್ನು ಕೆಲವು ಮುದ್ರಣಗಳು ನೃಪತುಂಗನ ಹೆಸರಿನಲ್ಲಿಯೂ, ಕೆಲವು ಶ್ರೀವಿಜಯನ ಹೆಸರಿನಲ್ಲಿಯೂ ನಮೂದಿಸಿವೆ. ಆದುದರಿಂದ ಗ್ರಂಥಸೂಚಿಯಲ್ಲಿ ಎರಡೂ ಹೆಸರುಗಳಿಂದ ಹಾಗೂ ಕೃತಿಯ ಹೆಸರಿನಿಂದ ಹುಡುಕತಕ್ಕದ್ದು.

3. ಬದಲಾದ ಹೆಸರುಗಳು: ಗುಲಬರ್ಗಾ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಎಂದಾಯಿತು, ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರನ್ನಿಡಲಾಯಿತು. ಸಂವಿಧಾನದ 371(ಜೆ) ಅನುಚ್ಛೇದದಡಿ ನೇಮಕಾತಿ ಮೀಸಲಾತಿಗೆ ಸಂಬಂಧಿಸಿದ 2013ರ ಆದೇಶವು ಹಳೆಯ ಹೆಸರಿನಲ್ಲಿಯೇ ಹೊರಟಿರುತ್ತದೆ. ಅರ್ಹತಾ ಪ್ರಮಾಣ ಪತ್ರ ಕೋರುವ ಅಭ್ಯರ್ಥಿಯು ಹೊಸ ಹೆಸರಿನಿಂದ ಮಾತ್ರ ಹುಡುಕಿದಲ್ಲಿ ಮೂಲ ಆದೇಶವೇ ಕಣ್ತಪ್ಪಬಹುದು. ಹಳೆಯ ಹೆಸರಿನಿಂದ ಮೂಲ ಆದೇಶವನ್ನೂ, ಹೊಸ ಹೆಸರಿನಿಂದ ನಂತರದ ತಿದ್ದುಪಡಿಗಳನ್ನೂ ಹುಡುಕುವುದು ಸೂಕ್ತ.

ಪಾಡ್‌ಕಾಸ್ಟ್‌ನ ಉಪಯೋಗ

ಕಪಾಟು, ಸೂಚಿ ಮುಂತಾಗಿ ಕಣ್ಣಿಗೆ ಕಾಣಬೇಕಾದ ವಿಷಯಗಳಿಗೆ ಧ್ವನಿಪಾಠ ಸಾಲದು. ಆದರೆ ಪುಸ್ತಕ ಪರಿಚಯ, ಹುಡುಕಾಟಕ್ಕೆ ಸರಿಯಾದ ಪದಗಳ ಆಯ್ಕೆ, ಮಾಹಿತಿಯ ವಿಶ್ವಾಸಾರ್ಹತೆ ಇತ್ಯಾದಿಗಳನ್ನು ಕೇಳಿಯೇ ಕಲಿಯಬಹುದು. ಹೊಲದ ಕೆಲಸದ ನಡುವೆ ಅಥವಾ ಬಸ್ ಪ್ರಯಾಣದಲ್ಲಿ ಕೇಳಲು ಅನುಕೂಲವಾಗುವುದಲ್ಲದೆ, ದೃಷ್ಟಿದೋಷವುಳ್ಳವರಿಗೂ ಇದು ಸಹಕಾರಿಯಾಗಿದೆ. ವಿಡಿಯೊಗೆ ಹೋಲಿಸಿದಲ್ಲಿ ಡೇಟಾ ಬಳಕೆಯೂ ಕಡಿಮೆ.

ಗಮನಿಸಬೇಕಾದ ಅಂಶಗಳು

* ಪಾಠವನ್ನು ಪ್ರಕಟಿಸಿದವರು ಯಾರು, ಯಾವ ದಿನಾಂಕದಂದು ಎಂಬುದನ್ನು ಮೊದಲು ನೋಡುವುದು. ನಿಯಮ, ಶುಲ್ಕ, ಕೊನೆಯ ದಿನಾಂಕಗಳನ್ನು ವಿಡಿಯೊದಲ್ಲಿ ಹೇಳಿದ್ದರೂ ಮೂಲ ಆದೇಶ ಅಥವಾ ಅಧಿಸೂಚನೆಯೊಂದಿಗೆ ತಾಳೆ ನೋಡಿಕೊಳ್ಳುವುದು.
* ಒಂದು ಹಂತವನ್ನು ನೋಡಿದ ಕೂಡಲೇ ವಿಡಿಯೊ ನಿಲ್ಲಿಸಿ, ಅದೇ ಹಂತವನ್ನು ಸ್ವತಃ ಮಾಡಿ ನೋಡುವುದು. ನೋಡಿದ ಮಾತ್ರಕ್ಕೆ ಕೌಶಲ್ಯ ಕೈಗೂಡುವುದಿಲ್ಲ.
* ಸಂಪರ್ಕ ದುರ್ಬಲವಿರುವ ಕಡೆ, ಅವಕಾಶವಿರುವ ಪಾಠಗಳನ್ನು ಮುಂಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳುವುದು.
* ಮೊಬೈಲ್ ಇಲ್ಲದವರಿಗಾಗಿ ಗ್ರಂಥಾಲಯ ಅಥವಾ ಶಾಲೆಯಲ್ಲಿ ಸಾಮೂಹಿಕವಾಗಿ ವೀಕ್ಷಿಸಿ, ನಂತರ ಎಲ್ಲರೂ ಸರದಿಯಂತೆ ಪುಸ್ತಕ ಹುಡುಕುವ ಅಭ್ಯಾಸ ಮಾಡುವುದು.
* ಗ್ರಂಥಾಲಯ ಮೇಲ್ವಿಚಾರಕರು ತಮ್ಮಲ್ಲಿನ ಕಪಾಟುಗಳನ್ನೇ ತೋರಿಸಿ, ಸ್ಥಳೀಯ ಆಡುನುಡಿಯಲ್ಲಿ 3 ರಿಂದ 5 ನಿಮಿಷಗಳ ಪಾಠ ಸಿದ್ಧಪಡಿಸಿದಲ್ಲಿ ಹೊಸ ಸದಸ್ಯರಿಗೆ ಹೆಚ್ಚು ಪ್ರಯೋಜನವಾಗುತ್ತದೆ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರೀಕರಣ ಮಾಡಬಾರದು.

ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸುವವರು ಅದೇ ಸಮಯದಲ್ಲಿ ಪುಸ್ತಕಗಳ ಜೋಡಣಾ ಕ್ರಮ ಹಾಗೂ ಲಭ್ಯವಿರುವ ಡಿಜಿಟಲ್ ಸೌಲಭ್ಯಗಳ ಬಗ್ಗೆ ಮೇಲ್ವಿಚಾರಕರಿಂದ ಮಾಹಿತಿ ಪಡೆಯುವುದು. ಸರಿಯಾದ ಆದೇಶ ಸಕಾಲದಲ್ಲಿ ಕೈಗೆ ದೊರೆತಲ್ಲಿ ಅರ್ಹರಿಗೆ ಸಲ್ಲಬೇಕಾದ ಸೌಲಭ್ಯ ತಪ್ಪುವುದಿಲ್ಲ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.