ಮಳೆಗಾಲದಲ್ಲಿ ಬೈಕು ಸ್ಟಾರ್ಟ್ ಆಗದಿದ್ದರೆ: ಒದೆಯುವುದನ್ನು ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ



ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷ ಮುಗಿಯುವವರೆಗೆ ಬಿಸಿಲು ಕಾಣುವುದು ಅಪರೂಪ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಗೋಡೆ ಒದ್ದೆ, ಸೌದೆ ಒದ್ದೆ, ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಮೋಟಾರ್ ಸೈಕಲ್ಲೂ ಒದ್ದೆ. ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟರೆ ಗಾಡಿ ಏಳುವುದಿಲ್ಲ. ಹಾಲು ಅಳೆಯುವ ಹೊತ್ತು ಮೀರಿದರೆ ಆ ವೇಳೆಯ ಹಾಲು ಮನೆಯಲ್ಲೇ ಉಳಿಯಿತು. ಅಡಿಕೆ ತೋಟದವರ ಪಾಡು ಇನ್ನೊಂದು. ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡುವುದೇ ಒಂದೆರಡು ದಿನ. ಅಂದೇ ಮೈಲುತುತ್ತ ತರಲು ಹೊರಟ ಬೈಕು ಮೊಂಡು ಹಿಡಿದರೆ ನಷ್ಟ ಯಾರಿಗೆಂದು ಹೇಳಬೇಕಾಗಿಲ್ಲ.

ಇಂಥ ವೇಳೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕಾಲು ಸೋಲುವವರೆಗೆ ಒದೆಯುವುದು, ಇಲ್ಲವೇ ಬ್ಯಾಟರಿ ಸಾಯುವವರೆಗೆ ಗುಂಡಿ ಒತ್ತುವುದು. ಇದರಿಂದ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಾರಣ ತಿಳಿದರೆ ಮನೆಯಂಗಳದಲ್ಲೇ ಹತ್ತು ನಿಮಿಷದಲ್ಲಿ ಸರಿಪಡಿಸಬಹುದಾದ ದೋಷಗಳೇ ಹೆಚ್ಚು.

ಚಳಿ, ತೇವ ಮಾಡುವುದೇನು?

ಎಂಜಿನ್ನಿಗೆ ಬೇಕಾದದ್ದು ಮೂರು: ಪೆಟ್ರೋಲಿನ ಆವಿ, ಗಾಳಿ ಮತ್ತು ಕಿಡಿ. ಚಳಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗುವುದಿಲ್ಲ; ಎಂಜಿನ್ ಆಯಿಲ್ ದಪ್ಪಗಾಗುತ್ತದೆ; ಬ್ಯಾಟರಿಯ ಶಕ್ತಿ ಕುಂದುತ್ತದೆ. ಇನ್ನು ತೇವದ ಕೆಲಸ ಬೇರೆ. ಪ್ಲಗ್ಗಿಗೆ ಹೋಗುವ ವಿದ್ಯುತ್ತು ಸಾವಿರಾರು ವೋಲ್ಟಿನದು. ವಯರು ಬಿರಿದಿದ್ದರೆ ಅಥವಾ ಪ್ಲಗ್ ಕ್ಯಾಪಿನೊಳಗೆ ನೀರು ಸೇರಿದ್ದರೆ, ಅದು ಪ್ಲಗ್ಗಿನ ತುದಿಗೆ ಮುಟ್ಟುವ ಮೊದಲೇ ಹೊರಗಿನಿಂದ ಹರಿದು ಹೋಗುತ್ತದೆ. ಒಳಗೆ ಕಿಡಿ ಹಾರುವುದಿಲ್ಲ.

ಮೊದಲು ನೋಡಬೇಕಾದದ್ದು

ಕಿಲ್ ಸ್ವಿಚ್ಚು ಚಾಲೂ ಸ್ಥಿತಿಯಲ್ಲಿದೆಯೇ? ಗೇರು ನ್ಯೂಟ್ರಲ್‌ನಲ್ಲಿದೆಯೇ? ಪೆಟ್ರೋಲ್ ಕಾಕ್ ತೆರೆದಿದೆಯೇ? ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಈಚಿನ ಎಷ್ಟೋ ಗಾಡಿಗಳು ಸ್ಟಾರ್ಟ್ ಆಗುವುದಿಲ್ಲ. ಸಣ್ಣ ವಿಷಯವೆಂದು ಇದನ್ನು ಬಿಡಬೇಡಿ.

ನಿಮ್ಮದು ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಚೋಕ್ ಎಳೆಯಿರಿ. ಚೋಕ್ ಎಳೆದಾಗ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆಕ್ಸಿಲರೇಟರ್ ತಿರುವದೆ, ಕೀಲಿ ಹಾಕುವ ಮೊದಲು ನಾಲ್ಕೈದು ಬಾರಿ ನಿಧಾನವಾಗಿ ಕಿಕ್ ಒತ್ತಿ. ದಪ್ಪಗಾದ ಆಯಿಲ್ ಸಡಿಲವಾಗುತ್ತದೆ. ಆಮೇಲೆ ಕೀಲಿ ಹಾಕಿ ಜೋರಾಗಿ ಒದೆಯಿರಿ. ಗಾಡಿ ಬಿಸಿಯಾದೊಡನೆ ಚೋಕ್ ತೆಗೆಯಲು ಮರೆಯಬೇಡಿ.

2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಬಂದ ಮೇಲೆ ತಯಾರಾದ ಗಾಡಿಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಚೋಕ್ ಇಲ್ಲ. ಕೀಲಿ ತಿರುವಿದೊಡನೆ ಪಂಪು ಎರಡು ಮೂರು ಸೆಕೆಂಡು ಸದ್ದು ಮಾಡುತ್ತದೆ. ಆ ಸದ್ದು ನಿಂತ ಮೇಲೆ ಗುಂಡಿ ಒತ್ತಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಮತ್ತೆ ಒತ್ತುವ ಮೊದಲು ಸ್ವಲ್ಪ ಹೊತ್ತು ಬಿಡಿ.

ಪ್ಲಗ್ ಹೇಳುವ ಮಾತು

ಏಳೆಂಟು ಬಾರಿ ಒದ್ದರೂ ಏಳದಿದ್ದರೆ ಒದೆಯುವುದನ್ನು ನಿಲ್ಲಿಸಿ. ಪ್ಲಗ್ ಸ್ಪ್ಯಾನರ್ ತೆಗೆದುಕೊಂಡು ಪ್ಲಗ್ ಬಿಚ್ಚಿ ನೋಡಿ.

1. ಪ್ಲಗ್ಗಿನ ತುದಿ ಒಣಗಿದ್ದರೆ: ಪೆಟ್ರೋಲು ಬರುತ್ತಿಲ್ಲವೆಂದು ಅರ್ಥ. ಟ್ಯಾಂಕು, ಕಾಕ್, ಪೈಪು, ಕಾರ್ಬುರೇಟರಿನ ಕಸ ನೋಡಿ.

2. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ: ಪೆಟ್ರೋಲು ಬರುತ್ತಿದೆ, ಹೊತ್ತುತ್ತಿಲ್ಲ. ಕಿಡಿ ಸಾಲದು, ಇಲ್ಲವೇ ಒದ್ದು ಒದ್ದು ಪೆಟ್ರೋಲು ಅತಿಯಾಗಿದೆ. ಪ್ಲಗ್ಗನ್ನು ಒಣಬಟ್ಟೆಯಿಂದ ಒರೆಸಿ ಗಾಳಿಗೆ ಆರಿಸಿ. ಒಲೆಗೆ ಮಾತ್ರ ಹಿಡಿಯಬೇಡಿ. ಕ್ಯಾಪು, ವಯರು ಒರೆಸಿ. ಪ್ಲಗ್ ಮತ್ತೆ ಕೂರಿಸಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಒದೆಯಿರಿ. ಹೆಚ್ಚಾದ ಪೆಟ್ರೋಲು ಹೊರಹೋಗಿ ಗಾಡಿ ಏಳುತ್ತದೆ.

3. ತುದಿಯಲ್ಲಿ ಕಪ್ಪು ಮಸಿ ಕಟ್ಟಿದ್ದರೆ: ಬ್ರಷ್ಷಿನಿಂದ ಉಜ್ಜಿ. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಅಂತರ ಇದೆಯೇ ನೋಡಿ. ತುದಿ ಸವೆದಿದ್ದರೆ ಹೊಸದು ಹಾಕಿ.

ತುಂಬಾ ಹೊತ್ತು ಒದ್ದರೆ ಗಾಡಿ ಏಕೆ ಮತ್ತಷ್ಟು ಹಟ ಹಿಡಿಯುತ್ತದೆಂದು ಈಗ ತಿಳಿಯಿತಲ್ಲವೇ? ಪ್ರತಿ ಒದೆತವೂ ಒದ್ದೆ ಪ್ಲಗ್ಗನ್ನು ಇನ್ನಷ್ಟು ಒದ್ದೆ ಮಾಡುತ್ತದೆ. ಸಿಂಪಡಣೆಯ ಪೆಟ್ರೋಲ್ ಎಂಜಿನ್ನಿಗೂ, ಕಳೆ ಕೊಯ್ಯುವ ಯಂತ್ರಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ.

ಪೆಟ್ರೋಲಿನಲ್ಲಿ ನೀರು

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಮೊದಲು ಹೋಗುವುದು ತಳದ್ದೇ. ಆದ್ದರಿಂದ ಮಳೆಯಲ್ಲಿ ಮುಚ್ಚಳ ತೆರೆದು ಪೆಟ್ರೋಲು ಹಾಕಿಸುವಾಗ ಎಚ್ಚರವಿರಲಿ. ಮುಚ್ಚಳದ ರಬ್ಬರು ಬಿರಿದಿದ್ದರೆ ಬದಲಿಸಿ. ಟ್ಯಾಂಕು ಸಾಧ್ಯವಾದಷ್ಟು ತುಂಬಿರಲಿ. ಸಂದೇಹವಿದ್ದರೆ ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ಆಗ ಟ್ಯಾಂಕು ಖಾಲಿ ಮಾಡಿಸಿ ಹೊಸ ಪೆಟ್ರೋಲು ಹಾಕುವುದೇ ದಾರಿ. ಸಿಂಪಡಣೆಯ ಯಂತ್ರದಲ್ಲಿ ಹೋದ ವರ್ಷದ ಪೆಟ್ರೋಲು ಉಳಿದಿದ್ದರೆ ಅದನ್ನೂ ತೆಗೆದುಬಿಡಿ.

ಬ್ಯಾಟರಿಯ ಆರೈಕೆ

ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ, ಗಾಡಿ ನಿಂತಿರುವಾಗ, ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿಸಿ. ಟರ್ಮಿನಲ್ಲಿಗೆ ಹಿಡಿದ ಬಿಳಿ, ಹಸಿರು ಕಿಲುಬನ್ನು ತೆಗೆದು ವ್ಯಾಸಲೀನ್ ಸವರಿ. ಇಂಜೆಕ್ಷನ್ ಗಾಡಿಯ ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಏಳುವುದು ಕಷ್ಟ. ಪೆಟ್ರೋಲ್ ಪಂಪಿಗೂ ಕರೆಂಟು ಬೇಕಲ್ಲವೇ? ಇನ್ನೊಂದು ಮಾತು: ಗೊಬ್ಬರದ ಚೀಲ, ಉಪ್ಪು, ಮೈಲುತುತ್ತ ಇಟ್ಟ ಕೋಣೆಯಲ್ಲಿ ಬೈಕು ನಿಲ್ಲಿಸಬೇಡಿ. ಇವು ತೇವದೊಡನೆ ಸೇರಿ ಲೋಹವನ್ನು ತಿನ್ನುತ್ತವೆ.

ಹಳ್ಳ ದಾಟುವಾಗ ಗಾಡಿ ನಿಂತರೆ

ಎಂಜಿನ್ನಿನೊಳಗೆ ನೀರು ಹೋಗಿರುವ ಸಂದೇಹವಿದ್ದರೆ ಗುಂಡಿ ಒತ್ತಲೇಬೇಡಿ, ಒದೆಯಲೂ ಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಿ ಸಾವಿರಾರು ರೂಪಾಯಿ ಕೈಬಿಡುತ್ತದೆ. ಪ್ಲಗ್ ಬಿಚ್ಚಿದ ಮೇಲೆಯೇ ನಿಧಾನವಾಗಿ ಕಿಕ್ ಒತ್ತಿ ನೀರು ಹೊರಹಾಕಬೇಕು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಬದಲಿಸದೆ ಓಡಿಸಬೇಡಿ. ಏರ್ ಫಿಲ್ಟರ್ ಕಾಗದದ್ದಾಗಿದ್ದು ನೆನೆದಿದ್ದರೆ ಹೊಸದು ಹಾಕಿಸಿ.

ಎರಡು ಎಚ್ಚರಿಕೆ

ಮಳೆಯೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯರನ್ನೂ ದನಕರುಗಳನ್ನೂ ತಿಳಿಯದಂತೆ ಕೊಲ್ಲುತ್ತದೆ. ಎರಡನೆಯದು, ಪ್ಲಗ್ ಬಿಚ್ಚಿದಾಗ ಹತ್ತಿರ ಬೀಡಿ, ದೀಪ, ಒಲೆ ಇರಬಾರದು. ಇಂಜೆಕ್ಷನ್ ಗಾಡಿಯ ಕಿಡಿಯ ಪರೀಕ್ಷೆಯನ್ನು ಮೆಕ್ಯಾನಿಕ್ಕರಿಗೇ ಬಿಡಿ.

ಮಳೆ ಹಿಡಿಯುವ ಮೊದಲು ನೇಗಿಲು, ಗುದ್ದಲಿ ನೋಡಿಕೊಳ್ಳುವಂತೆ ಬೈಕಿನ ಪ್ಲಗ್, ವಯರು, ಬ್ಯಾಟರಿಯನ್ನೂ ಒಮ್ಮೆ ನೋಡಿಸಿ. ಒಂದು ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಒಂದು ಒಣಬಟ್ಟೆ, ಇವು ಮೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೀಟಿನ ಕೆಳಗೋ ಪಕ್ಕದ ಡಬ್ಬಿಯಲ್ಲೋ ಇಡಿ. ಮಧ್ಯರಾತ್ರಿ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಆ ಚಿಕ್ಕ ಗಂಟು ನಿಮ್ಮ ಕೈಹಿಡಿಯುತ್ತದೆ.