ಬೇಡ ಎಂದವರ ಮನೆಗೆ ಆಶಾ, ಬೇಡ ಎಂದವರ ಅರ್ಜಿಗೆ ಮೂವರು ವೈದ್ಯರು

ದಾವಣಗೆರೆ ಜಿಲ್ಲೆ ಚನ್ನಗಿರಿಯ ಸೂಳೆಕೆರೆ ಸೀಮೆಯ ಶಾಲೆಗಳಲ್ಲಿ ಟಿಡಿ ಚುಚ್ಚುಮದ್ದಿನ ದಿನ ಕೆಲವು ಮಕ್ಕಳಿಗೆ ಬೆಳಿಗ್ಗೆಯೇ ಹೊಟ್ಟೆನೋವು ಶುರುವಾಗುತ್ತದೆ. ಟಿಡಿ ಎಂದರೆ ಹತ್ತು ಮತ್ತು ಹದಿನಾರರ ವಯಸ್ಸಿಗೆ ಹಾಕುವ ಲಸಿಕೆ, ಧನುರ್ವಾಯು ಮತ್ತು ಗಂಟಲಮಾರಿ ತಡೆಯಲು. ಹೊಟ್ಟೆನೋವಿನ ಮಕ್ಕಳು ಮಾರನೆಯ ದಿನ ಸಿಗುತ್ತಾರೆ. ಆದರೆ ಅಪ್ಪನೇ ಬಂದು ‘ನಮ್ ಹುಡುಗಂಗೆ ಬ್ಯಾಡ್ರಿ ಮೇಷ್ಟ್ರೆ’ ಎಂದರೆ?

ಕಾನೂನಿನ ಪ್ರಕಾರ ಏನೂ ಆಗುವುದಿಲ್ಲ. ಲಸಿಕೆ ಹಾಕಿಸದಿದ್ದರೆ ಶಾಲೆಗೆ ಸೇರಿಸಿಕೊಳ್ಳಬಾರದು ಎಂಬ ಕಟ್ಟಳೆ ಕರ್ನಾಟಕದಲ್ಲಿಲ್ಲ. ಕಡ್ಡಾಯವೇ ಇಲ್ಲದ ಮೇಲೆ ವಿನಾಯಿತಿ ಕೇಳುವವರಾರು, ಮೇಲ್ಮನವಿ ಹಾಕುವವರಾರು? ಇಲ್ಲಿ ನಡೆಯುವುದು ಬೇರೆಯೇ. ಮುಖ್ಯೋಪಾಧ್ಯಾಯರು ಒಮ್ಮೆ ಹೇಳಿ ನೋಡುತ್ತಾರೆ. ಸಂಜೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಅದೇ ಓಣಿಯವಳು, ಹೆರಿಗೆಗೆ ಜೊತೆಗೆ ಹೋಗಿದ್ದವಳು. ಅವಳಿಗೂ ಆಗದಿದ್ದರೆ ಉಪಕೇಂದ್ರದ ಸಿಸ್ಟರ್, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನಡುವೆ ಊರ ಹಿರಿಯರೋ ಮಸೀದಿ, ಮಠದವರೋ. ಒಟ್ಟಿನಲ್ಲಿ ಮೇಲಿನವರ ಬಳಿಗೆ ಹೋಗಬೇಕಾದ ಕಷ್ಟ ಪಾಲಕರಿಗಿಲ್ಲ. ಮೇಲಿನವರೇ ಒಬ್ಬೊಬ್ಬರಾಗಿ ಅವರ ಜಗಲಿಗೆ ಬರುತ್ತಾರೆ.

ಈ ಏರ್ಪಾಡಿಗೆ ದೊಡ್ಡ ಪರೀಕ್ಷೆ ಬಂದದ್ದು 2017ರ ಫೆಬ್ರುವರಿಯಲ್ಲಿ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಮೊದಲು ಶುರುವಾಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳ ಗುರಿ. ಹೆಚ್ಚಿನ ಕೆಲಸ ನಡೆದದ್ದು ಶಾಲೆಗಳಲ್ಲಿ. ಮಕ್ಕಳಾಗದಂತೆ ಮಾಡುವ ಮದ್ದು ಎಂಬ ವಾಟ್ಸ್ಆ್ಯಪ್ ಸುದ್ದಿ ಲಸಿಕೆಗಿಂತ ಮೊದಲೇ ಮನೆ ಮುಟ್ಟಿತ್ತು. ಆಗ ಉತ್ತರ ಹೇಳಬೇಕಾಗಿ ಬಂದದ್ದು ಮೇಷ್ಟ್ರುಗಳಿಗೇ.

ಒಪ್ಪಿಗೆಯ ಪ್ರಶ್ನೆ ನ್ಯಾಯಾಲಯ ಮುಟ್ಟಿದ್ದು ಸುಮಾರು ಎರಡು ವರ್ಷ ಕಳೆದ ಮೇಲೆ, ದೆಹಲಿಯಲ್ಲಿ. ಇದೇ ಅಭಿಯಾನದ ವಿಷಯದಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ವಿಭು ಬಖ್ರು 2019ರ ಜನವರಿಯಲ್ಲಿ, ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ಲಸಿಕೆ ಹಾಕಬಹುದೆಂಬ ನಿಲುವು ನಿಲ್ಲದು ಎಂದರು. ಅಡ್ಡ ಪರಿಣಾಮಗಳನ್ನು ಮುದ್ರಿಸಿದರೆ ಜನ ಹಿಂಜರಿಯುತ್ತಾರೆ ಎಂಬ ಸರ್ಕಾರದ ವಾದವನ್ನೂ ಅವರು ಒಪ್ಪಲಿಲ್ಲ. (ಅವರೇ 2025ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.) ಕೋವಿಡ್ ಲಸಿಕೆಯ ಕುರಿತ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಇನ್ನೂ ಸ್ಪಷ್ಟವಾಗಿ ಹೇಳಿತು: ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧಗಳನ್ನು ಹೇರಬಹುದು.

ಲಸಿಕೆ ಕಡ್ಡಾಯವಿರುವ ಕಡೆ ಏನಾಗುತ್ತದೆ? ಈಗ ಇದೇ ಚನ್ನಗಿರಿಯ ದಂಪತಿ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೋ ಸನ್ನಿವೇಲ್‌ಗೋ ಹೋದರು ಎನ್ನಿ. ಮಗುವಿನ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡು’ ಭರ್ತಿಯಾಗಿದ್ದರೂ ಅಲ್ಲಿನ ಶಾಲೆಗೆ ಸಾಲದು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಸೀತಾಳೆ ಸಿಡುಬಿನ ಲಸಿಕೆ ಇಲ್ಲ, ಕೆಪ್ಪಟೆಯದೂ ಇಲ್ಲ. ಅಲ್ಲಿ ಅವೆರಡೂ ಬೇಕು. ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದ ಬಳಿಕ, 2015ರ ಕಾಯ್ದೆಯಲ್ಲಿ ಆ ರಾಜ್ಯ ನಂಬಿಕೆಯ ಕಾರಣದ ವಿನಾಯಿತಿಯನ್ನೇ ತೆಗೆದುಹಾಕಿತು. ಉಳಿದದ್ದು ವೈದ್ಯಕೀಯ ಕಾರಣ ಒಂದೇ. ಸರಿ, ದುಡ್ಡು ತೆಗೆದುಕೊಂಡು ಅದನ್ನು ಬರೆದುಕೊಡುವ ಡಾಕ್ಟರುಗಳು ಹುಟ್ಟಿಕೊಂಡರು. 2019ರಲ್ಲಿ ಅದಕ್ಕೂ ಕಡಿವಾಣ ಬಿತ್ತು.

ಅಂದಿನಿಂದ ಲಸಿಕೆ ಪ್ರಮಾಣ ಶೇ 95ಕ್ಕಿಂತ ಕಡಿಮೆಯಿರುವ ಶಾಲೆಯ ವಿನಾಯಿತಿಗಳನ್ನೂ, ವರ್ಷಕ್ಕೆ ಐದು ಅಥವಾ ಹೆಚ್ಚು ಬರೆದ ವೈದ್ಯರ ಪತ್ರಗಳನ್ನೂ ರಾಜ್ಯದ ಆರೋಗ್ಯ ಇಲಾಖೆ ಪರಿಶೀಲಿಸುತ್ತದೆ. ರದ್ದಾದರೆ ಮೂವತ್ತು ದಿನದೊಳಗೆ ಪಾಲಕರು ಮೇಲ್ಮನವಿ ಹಾಕಬಹುದು. ಮೂವರು ಸ್ವತಂತ್ರ ವೈದ್ಯರ ಸಮಿತಿ ಕಾಗದಪತ್ರ ನೋಡುತ್ತದೆ, ಅದರ ತೀರ್ಮಾನವೇ ಇಲಾಖೆಯ ಕೊನೆಯ ಮಾತು. ಅಲ್ಲಿಯತನಕ ಮಗು ಶಾಲೆಗೆ ಬರುವುದಕ್ಕೆ ಅಡ್ಡಿಯಿಲ್ಲ. ಈ ಒಂದು ಅಂಶ ನನಗೆ ಬಹಳ ಹಿಡಿಸಿತು. ದೊಡ್ಡವರ ಜಗಳ ಮುಗಿಯುವವರೆಗೂ ಮಗು ಪಾಠ ಕಳೆದುಕೊಳ್ಳಬೇಕಿಲ್ಲ.

ಇಷ್ಟು ಕಾಗದದ ಕೆಲಸ ನ್ಯಾಮತಿಯಲ್ಲೋ ಜಗಳೂರಲ್ಲೋ ಬೇಕೆಂದು ನಾನು ಹೇಳಲಾರೆ. ಇಲ್ಲಿ ಲಸಿಕೆ ತಪ್ಪುವುದು ಹಟ ಹಿಡಿದ ಅಪ್ಪನಿಂದಷ್ಟೇ ಅಲ್ಲ. ಕಬ್ಬು ಕಡಿಯಲು, ಕಾಫಿ ಕೀಳಲು ತಾಂಡಾದಿಂದ ಗುಳೆ ಹೋದ ಸಂಸಾರದ ಮಕ್ಕಳು ಪಟ್ಟಿಯಿಂದಲೇ ಜಾರಿಬಿಡುತ್ತಾರೆ. ಅವರಿಗೆ ಬೇಕಾದ್ದು ಹೋದಲ್ಲಿ ಲಸಿಕೆ, ಮೇಲ್ಮನವಿಯಲ್ಲ.

ಆದರೂ ಒಂದು ಕೊರತೆ ಉಳಿಯುತ್ತದೆ. ಹಿಂದಿನ ಡೋಸಿಗೆ ತೀವ್ರ ಅಲರ್ಜಿಯಾದ ಮಗು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇರುತ್ತವೆ. ಎರಡನೆಯದಕ್ಕೆ ದಡಾರದಂಥ ಜೀವಂತ ಲಸಿಕೆ ಹಾಕಬಾರದು. ಇಂಥ ಮಗುವಿನ ತಾಯಿ ‘ಬೇಡ’ ಎಂದಾಗ, ವಾಟ್ಸ್ಆ್ಯಪ್ ನಂಬಿದವರ ‘ಬೇಡ’ಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದು ಡಾಕ್ಟರು ಬರೆದುಕೊಟ್ಟರೆ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ ತಾಯಿ ಕಾರ್ಡಿನ ಮೇಲೆ ಕಾರಣ ಬರೆಸಿ, ಸಹಿ ಹಾಕಿಸಿಕೊಂಡು, ಅದರ ಒಂದು ಪ್ರತಿಯನ್ನು ಶಾಲೆಗೂ ಕೊಡುವುದು ಒಳ್ಳೆಯದು. ಲಸಿಕೆಯ ನಂತರ ತೊಂದರೆಯಾದರೆ ಅದನ್ನು ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿಯಿದೆ. ಸಿಸ್ಟರ್‌ಗೋ ಡಾಕ್ಟರಿಗೋ ತಿಳಿಸಿದರೆ ವರದಿ ಅಲ್ಲಿಗೆ ಹೋಗುತ್ತದೆ.